ಬ್ಯಾರನ್ನಿನಲ್ಲಿ ಒಣಗಿದ ಕಾರ್ಡುಗಳು

ಎಪ್ಪತ್ತರ ದಶಕದಲ್ಲಿ ನಮ್ಮ ವಿಶ್ವವಿದ್ಯಾನಿಲಯದಲ್ಲಿ ಕಂಪ್ಯೂಟರ್ ವಿಜ್ಞಾನವಿತ್ತು, ಕಂಪ್ಯೂಟರ್ ಇರಲಿಲ್ಲ. ಗಣಿತ ವಿಭಾಗದ ಮೂಲೆಯ ಕೋಣೆಯಲ್ಲಿ ಕಪ್ಪು ಹಲಗೆಯ ಮೇಲೇ ಪ್ರೋಗ್ರಾಂ ಬರೆದು, ಅಲ್ಲೇ ಅದನ್ನು ಓಡಿಸಿ, ಉತ್ತರವನ್ನೂ ನಾವೇ ಬರೆದು ಖುಷಿಪಡುತ್ತಿದ್ದೆವು. ನಿಜವಾದ ಯಂತ್ರ ಬೇಕೆಂದರೆ ಬೆಂಗಳೂರಿಗೇ ಹೋಗಬೇಕು. ಪ್ರೋಗ್ರಾಮಿನ ಸಾಲಿಗೊಂದರಂತೆ ರಟ್ಟಿನ ಕಾರ್ಡಿಗೆ ತೂತು ಹೊಡೆಸಿ, ಕಟ್ಟು ಕಟ್ಟಿ, ಬಸ್ಸಿನಲ್ಲಿ ಒಯ್ದು ಕೊಟ್ಟು ಬರಬೇಕು. ವಾರ ಬಿಟ್ಟು ಹೋದರೆ ಎಲ್ಲೋ ಒಂದು ಅಲ್ಪವಿರಾಮ ತಪ್ಪಿದೆಯೆಂದು ಕಟ್ಟು ಹಾಗೇ ಕೈಗೆ ಬರುತ್ತಿತ್ತು. ಸಂಶೋಧನೆ ಅಂದರೆ ನನಗೆ ಮುಕ್ಕಾಲು ಪಾಲು ಬಸ್ಸೇ.

ರಾವಂದೂರಿನ ಕಡೆ ಹೊಗೆಸೊಪ್ಪು ಬೆಳೆಯುತ್ತಿದ್ದ ಅಪ್ಪನಿಗೂ ಇದು ಸಾಕಾಗಿ ಹೋಗಿತ್ತು.

"ಇದೇ ಕೊನೆ ಕಣವ್ವ. ಈ ಸಲ ಆಗ್ನಿಲ್ಲ ಅಂದ್ರೆ ಬುಟ್ಬುಡು. ಗಂಡಿನ ಕಡೆಯೋರ್ನ ಎಷ್ಟು ದಿನ ಅಂತ ಕಾಯಿಸ್ಲಿ?" ಅಂದಿದ್ದರು. ನನ್ನ ಓದೆಲ್ಲ ಆ ಒಂದು ಕಟ್ಟಿನ ಮೇಲೆ ನಿಂತಿತ್ತು.

ಗೌರಿ ಹಬ್ಬ ಮುಗಿಸಿ ಊರಿನಿಂದಲೇ ಬೆಂಗಳೂರಿಗೆ ಹೋದರಾಯಿತೆಂದು ಕಟ್ಟನ್ನೂ ಜೊತೆಗೆ ತಂದೆ. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಕಂಡಕ್ಟರ್ ನನ್ನ ಚೀಲವನ್ನು ಟಾಪಿಗೆ ಹಾಕಿಸಿದ. ಹುಣಸೂರು ದಾಟುವಷ್ಟರಲ್ಲಿ ಮಳೆ ಹಿಡಿಯಿತು. ಮನೆಗೆ ಬಂದು ನೋಡಿದರೆ ಕಾರ್ಡೆಲ್ಲ ತೊಯ್ದಿವೆ. "ಒಂದರ ಹಿಂದೊಂದು ಇರೋ ಅಂಗೇ ಇರ್ಬೇಕು ಅಪ್ಪ, ಸಾಲು ತಪ್ಪಿದ್ರೆ ಎಲ್ಲ ಹೋಯ್ತು" ಎಂದು ಅಳುತ್ತಲೇ ಹೇಳಿ, ಜ್ವರ ಬಂದು ಮಲಗಿಬಿಟ್ಟೆ.

ಎದ್ದಾಗ ಅಪ್ಪ ಬ್ಯಾರನ್ನಿನಲ್ಲಿದ್ದರು. ಹೊಗೆಸೊಪ್ಪು ಬೇಯಿಸುವ ಆ ಮಣ್ಣುಗೋಡೆಯ ಕೋಣೆಯಲ್ಲಿ, ಸೊಪ್ಪು ಕಟ್ಟುವ ಕಡ್ಡಿಗಳಿಂದ ನನ್ನ ಪ್ರೋಗ್ರಾಂ ನೇತಾಡುತ್ತಿತ್ತು.

"ಸಾಲು ತಪ್ಪಿಸ್ನಿಲ್ಲ. ಇರೋ ತೂತಲ್ಲೇ ದಾರ ಪೋಣಿಸಿವ್ನಿ, ಹೊಸ ತೂತು ಒಂದೂ ಮಾಡ್ನಿಲ್ಲ" ಅಂದರು.

ಕಾರ್ಡುಗಳು ಕಾವಿಗೆ ಹಪ್ಪಳದ ಹಾಗೆ ಸೊಟ್ಟಗಾಗಿದ್ದವು. ಅದನ್ನು ಅವರಿಗೆ ಹೇಳಲು ಬಾಯಿ ಬರಲಿಲ್ಲ. ಬೆಂಗಳೂರಿನ ಯಂತ್ರದಲ್ಲಿ ನನಗೆ ಸಿಕ್ಕಿದ್ದ ಸರದಿ ತಪ್ಪಿದರೆ ಇನ್ನು ಯಾವಾಗಲೋ ಎಂದು, ಪುಸ್ತಕಗಳ ಅಡಿಯಲ್ಲಿ ಒತ್ತಿಟ್ಟು ಹಾಗೇ ಒಯ್ದೆ.

ಬೆಂಗಳೂರಿನಲ್ಲಿ ಯಂತ್ರ ಮೊದಲ ಕಾರ್ಡುಗಳಿಗೇ ಸಿಕ್ಕಿಕೊಂಡು ನಿಂತಿತು. ಅಲ್ಲಿನ ಆಪರೇಟರ್ ಹೊಗೆಸೊಪ್ಪಿನ ವಾಸನೆಗೆ ಮುಖ ಕಿವಿಚಿ ಕಟ್ಟನ್ನು ಹಿಂದಿರುಗಿಸಿದರು. ನನಗೆ ದುಃಖವೇನೂ ಆಗಲಿಲ್ಲ. ಅಂತೂ ಮುಗಿಯಿತಲ್ಲ ಅನ್ನಿಸಿ ಹಗುರವಾಯಿತು. ಅಷ್ಟು ದಣಿದಿದ್ದೆ. ಮದುವೆಯಾದರೆ ಈ ಅಲೆದಾಟವಾದರೂ ತಪ್ಪೀತು ಎಂದುಕೊಂಡೇ ಊರಿಗೆ ಬಂದೆ.

ಅಪ್ಪ ಜಗಲಿಯಲ್ಲಿ ಸೊಪ್ಪು ವಿಂಗಡಿಸುತ್ತಿದ್ದರು. ಕಾರ್ಡು ಸೊಟ್ಟಗಾಗಿದ್ದವು, ಯಂತ್ರ ತೆಗೆದುಕೊಳ್ಳಲಿಲ್ಲ ಎಂದೆ. ಅವರು ಕಟ್ಟಿನಿಂದ ಒಂದನ್ನು ಎಳೆದು, ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿದರು.

"ಬೆಂಕಿ ಒಸಿ ಜಾಸ್ತಿ ಆಗೋಯ್ತು. ಮುಂದಿನ್ಸಲ ಕಮ್ಮಿ ಮಾಡ್ತೀನಿ. ಗಂಡಿನ ಕಡೆಯೋರ್ಗೆ ಇನ್ನೊಸಿ ದಿನ ತಡೀರಿ ಅಂತ ನಾನೇ ಏಳ್ತೀನಿ ಬುಡು."

ಎಲ್ಲ ಕಾರ್ಡನ್ನೂ ಮತ್ತೆ ಮೊದಲಿನಿಂದ ತೂತು ಹೊಡೆಸಬೇಕಲ್ಲ ಎಂದು ಮೊದಲು ಸುಸ್ತಾಯಿತು. ಆಮೇಲೆ ಅಳು ಬಂತು.