ನೀರಿಲ್ಲದ ಬಾಯ್ಲರಿಗೆ ಬೆಂಕಿ

ನೀರಿಲ್ಲದ ಬಾಯ್ಲರಿಗೆ ಬೆಂಕಿ ಹಚ್ಚಲು ತೀರ್ಮಾನಿಸಿದವರು ಐದು ಜನ. ಅದರ ಫಲ ಉಂಡವರು ಒಬ್ಬರೇ, ಆ ಹೊತ್ತಿನಲ್ಲಿ ಅಲ್ಲಿ ಇಲ್ಲದೇ ಇದ್ದ ಕರೀಂ ಸಾಹೇಬರು.

ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ಸುತ್ತಿ ಬಳಸಿ ಮಾತಾಡುವ ಚಾಳಿಯುಂಟು. ನೀವು ಅರ್ಧಕ್ಕೆ ಎದ್ದು ಹೋದರೂ ಇದೊಂದು ಸಂಗತಿ ನಿಮ್ಮ ಜೊತೆಗೆ ಬರಲಿ. ನಿನ್ನೆ ಹೆತ್ತೂರಿನಿಂದ ಬಸ್ಸಿನಲ್ಲಿ ಬರುವಾಗ ಎಲ್ಲೋ ಕಾಫಿ ಹೊಟ್ಟು ಸುಡುವ ವಾಸನೆ ಕಿಟಕಿಯಿಂದ ಒಳಬಂತು. ಈ ಸೀಮೆಯಲ್ಲಿ ಅದು ಅಪರೂಪವೇನಲ್ಲ. ಪಕ್ಕದಲ್ಲಿ ಕೂತಿದ್ದವರ ಮೂಗು ಕೂಡ ಅಲುಗಲಿಲ್ಲ. ನನಗೆ ಮಾತ್ರ ಕಿವಿಯವರೆಗೆ ಬಿಸಿಯೇರಿತು.

ಸಕಲೇಶಪುರದಿಂದ ಆಲೂರಿಗೆ ಹೋಗುವ ದಾರಿಯಲ್ಲಿ, ಮುಚ್ಚಿಹೋದ ಕಾಫಿ ಗೋದಾಮಿನ ಹಿಂದೆ ಮೀಟರ್ ಗೇಜ್ ಕಾಲದ ಒಂದು ಉಗಿ ಇಂಜಿನ್ ನಿಂತಿದೆ. ಅದನ್ನು ಮತ್ತೆ ಓಡಿಸಬೇಕೆಂದು ಕೆಲವರು ಸೇರಿ ಒಂದು ಬಳಗ ಕಟ್ಟಿದೆವು. ಹೆತ್ತೂರು ಕಡೆಯ ಎಸ್ಟೇಟ್ ಮಾಲೀಕರೊಬ್ಬರು ಅಧ್ಯಕ್ಷರಾದರು, ನಾನು ಜಂಟಿ ಕಾರ್ಯದರ್ಶಿಯಾದೆ. ನಾನು ಶಾಲಾ ಮಾಸ್ತರ. ಅನ್ಯಾಯವೆಂಬುದು ಎಲ್ಲೇ ಕಂಡರೂ ಹೆಸರಿಟ್ಟು ಕರೆಯಬೇಕು ಎಂದು ಕಲಿತವನು, ಕಲಿಸಿದವನು. ಸದಸ್ಯರಿಗೆ ಸ್ಟೀಲ್ ಲೋಟದಲ್ಲಿ, ಕೆಲಸಗಾರರಿಗೆ ಕಾಗದದ ಲೋಟದಲ್ಲಿ ಕಾಫಿ ಬಂದಾಗ ನಾನು ಅದನ್ನು ವಿರೋಧಿಸಿ ಒಂದು ಪುಟದ ನಿರ್ಣಯ ಮಂಡಿಸಿದೆ. ನಿರ್ಣಯ ಅಂಗೀಕಾರವಾಗಿ, ಮರುವಾರದಿಂದ ಎಲ್ಲರಿಗೂ ಕಾಗದದ ಲೋಟ ಬಂತು. ನನ್ನ ಹೋರಾಟಗಳು ಸಾಮಾನ್ಯವಾಗಿ ಗೆಲ್ಲುವುದು ಹೀಗೆಯೇ.

ಬಳಗದಲ್ಲಿ ಇಂಜಿನ್ನಿನ ಹೊಟ್ಟೆಯನ್ನು ಬಲ್ಲವರು ಕರೀಂ ಸಾಹೇಬರೊಬ್ಬರೇ. ಅವರ ಮನೆಯವರೆಲ್ಲ ಪೇಟೆಯಲ್ಲಿ ಲಾರಿ ವ್ಯವಹಾರದವರು. ಇವರು ಮಾತ್ರ ರೈಲ್ವೆಯ ಲೋಕೋ ಶೆಡ್ಡು ಸೇರಿ ಬಾಯ್ಲರ್ ಕೆಲಸ ಕಲಿತು ನಿವೃತ್ತರಾದವರು. ಎಪ್ಪತ್ತು ದಾಟಿತ್ತು. ಬಾಯ್ಲರಿನೊಳಗೆ ನೂರಕ್ಕೂ ಹೆಚ್ಚು ಕೊಳವೆಗಳಿರುತ್ತವೆ. ಬೆಂಕಿಯ ಬಿಸಿ ಅವುಗಳ ಒಳಗೆ ಹಾಯುತ್ತದೆ, ನೀರು ಅವುಗಳ ಸುತ್ತ ನಿಲ್ಲುತ್ತದೆ. ಪ್ರತಿ ಕೊಳವೆಯ ತುದಿಯನ್ನೂ ತಗಡಿನ ತೂತಿನಲ್ಲಿ ಕೂರಿಸಿ, ಉಪಕರಣ ತಿರುಗಿಸಿ ಅರಳಿಸಿ, ಒಂದು ಹನಿಯೂ ಜಿನುಗದಂತೆ ಬಿಗಿ ಮಾಡಬೇಕು. ಸಾಹೇಬರು ಒಂದೊಂದನ್ನೂ ಕೂರಿಸಿ, ಸಣ್ಣ ಸುತ್ತಿಗೆಯಿಂದ ತಟ್ಟಿ, ಕಿವಿಯಿಟ್ಟು ಕೇಳಿ, ತಲೆಯಾಡಿಸಿ ಮುಂದಕ್ಕೆ ಹೋಗುವರು. ಎರಡು ವರ್ಷ ಹೀಗೆ ನಡೆಯಿತು.

ಹಳಿಯ ಮೇಲಿನ ಹುಲ್ಲು ಕೊಯ್ಯಲು, ಭಾರ ಎತ್ತಲು ಪಾಳ್ಯದಿಂದ ಪುಟ್ಟೇಗೌಡರು ಬರುತ್ತಿದ್ದರು. ರಾಗಿ, ಭತ್ತದ ಕೆಲಸ ಮುಗಿದ ಮೇಲೆ ಸುಮ್ಮನೆ ಕೂರಲಾಗದ ಆಸಾಮಿ. ಅವರು "ಸಾಬ್ರೇ" ಎಂದು ಕೂಗುವುದು ನನಗೆ ಸರಿಬರಲಿಲ್ಲ. ವ್ಯಕ್ತಿಯನ್ನು ಅವರ ಹೆಸರಿನಿಂದಲೇ ಗುರುತಿಸಬೇಕು ಎಂದು ಒಂದು ದಿನ ಇಬ್ಬರನ್ನೂ ಕೂರಿಸಿಕೊಂಡು ವಿವರಿಸಿದೆ.

ಸಾಹೇಬರು ಎಣ್ಣೆಕೈ ಒರೆಸಿಕೊಳ್ಳುತ್ತ, "ಇರ್ಲಿ ಬುಡಿ ಮೇಷ್ಟ್ರೇ. ನೀವು 'ಕರೀಂ ಅವರೇ' ಅಂದಾಗೆಲ್ಲ ಯಾರೋ ನೋಟೀಸ್ ತಂದವ್ರೆ ಅಂತ ಎದೆ ಝಲ್ ಅಂತೈತೆ" ಎಂದರು.

"ಅವ್ರು ನನ್ನ ಗೌಡ ಅಂತಾರೆ, ನಾನು ಅವ್ರನ್ನ ಸಾಬ್ರು ಅಂತೀನಿ. ನಿಮ್ಮನ್ನ ಮೇಷ್ಟ್ರು ಅಂತೀವಲ್ಲ, ಅದುಕ್ಕೂ ಒಂದ್ ಅರ್ಜಿ ಬರ್ಕಳಿ" ಎಂದು ಪುಟ್ಟೇಗೌಡರು ನಕ್ಕರು.

ನಾನು ನಗಲಿಲ್ಲ. ಈಗ ನೆನೆದರೆ ನಗಬಹುದಿತ್ತು ಅನ್ನಿಸುತ್ತದೆ.

ಕೆಲಸ ಇನ್ನೂ ಆರು ತಿಂಗಳಿದೆ ಎಂದು ಸಾಹೇಬರು ಹೇಳಿದ್ದರು. ಅಧ್ಯಕ್ಷರು ಅಷ್ಟರಲ್ಲೇ ಇಂಜಿನ್ ತೋರಿಸಲು ಗಣ್ಯರನ್ನು ಕರೆದುಬಿಟ್ಟಿದ್ದರು. ಸಮಾರಂಭ ಶುಕ್ರವಾರ ಮಧ್ಯಾಹ್ನ. ಶುಕ್ರವಾರ ಮಧ್ಯಾಹ್ನ ಸಾಹೇಬರು ಮಸೀದಿಯಲ್ಲಿರುತ್ತಾರೆ ಎಂಬುದು ಗೊತ್ತಿದ್ದೂ ಆ ಹೊತ್ತನ್ನೇ ಇಟ್ಟದ್ದು ಮೊದಲನೆಯ ತಪ್ಪು. ಎರಡು ವರ್ಷ ದುಡಿದವರ ಹೆಸರು ಆಹ್ವಾನ ಪತ್ರಿಕೆಯಲ್ಲಿ ಇಲ್ಲದ್ದು ಎರಡನೆಯದು. ಮೂರನೆಯದಕ್ಕೆ ಬರುತ್ತೇನೆ.

ಬಾಯ್ಲರಿನಲ್ಲಿ ನೀರಿಲ್ಲದಾಗ ಒಲೆಯ ಬಾಗಿಲಿಗೆ ಕೆಂಪು ತಗಡೊಂದನ್ನು ತಂತಿಯಲ್ಲಿ ಕಟ್ಟುವುದು ಶೆಡ್ಡಿನವರ ಪದ್ಧತಿ. ಕಟ್ಟಿದವರ ಹೊರತು ಇನ್ನೊಬ್ಬರು ಅದನ್ನು ಬಿಚ್ಚುವಂತಿಲ್ಲ. ಕೊಳವೆಗಳನ್ನು ಮತ್ತೊಮ್ಮೆ ನೋಡಲೆಂದು ನೀರು ಬಸಿದಿದ್ದ ಸಾಹೇಬರು ತಗಡು ಕಟ್ಟಿ, "ನಾನ್ ಬರೋಗಂಟ ಒಲೆ ಮುಟ್ಬೇಡಿ" ಎಂದು ಹೇಳಿ ನಮಾಜಿಗೆ ಹೋದರು. ಅವರು ಗೇಟು ದಾಟಿದ್ದೇ ತಡ, ಅಧ್ಯಕ್ಷರು ನಮ್ಮ ಐದು ಜನರ ಕಾರ್ಯಕಾರಿ ಸಮಿತಿಯನ್ನು ಇಂಜಿನ್ನಿನ ನೆರಳಿನಲ್ಲಿಯೇ ಸೇರಿಸಿದರು.

"ಹೊಗೆ ಇಲ್ದೆ ಫೋಟೋ ಏನ್ ಚಂದ ಮಾರಾಯ್ರೇ? ಹಬೆ ಬೇಡ, ಓಡ್ಸೋದು ಬೇಡ. ಬರೀ ಹೊಗೆ. ನೀರೇ ಇಲ್ಲ ಅಂದ್ಮೇಲೆ ಸಿಡಿಯೋ ಭಯನೂ ಇಲ್ಲ ಕಣ್ರೀ" ಎಂದರು. ಕೆಂಪು ತಗಡು ಫೋಟೋಕ್ಕೆ ಅಡ್ಡವೆಂದು ತಾವೇ ಬಿಚ್ಚಿದರು. ಅದು ಮೂರನೆಯ ತಪ್ಪು. ಹಳೆಯ ಟೈರು ಸುಟ್ಟರೆ ಕಪ್ಪು ಹೊಗೆ ಚೆನ್ನಾಗಿ ಬರುತ್ತದೆ ಎಂಬ ಸಲಹೆಯೂ ಬಂತು.

ಆಗ ನಾನು ಎದ್ದು ನಿಂತೆ. ಟೈರು ಸುಡುವುದರಿಂದ ಗಾಳಿಗೆ, ಮಕ್ಕಳ ಶ್ವಾಸಕೋಶಕ್ಕೆ ಆಗುವ ಹಾನಿಯನ್ನು ವಿವರಿಸಿ, ಅದರ ಬದಲು ಸ್ಥಳೀಯವಾಗಿ ದೊರೆಯುವ ಕಾಫಿ ಹೊಟ್ಟನ್ನು ಬಳಸಬೇಕೆಂದು ಸೂಚಿಸಿದೆ. ಸೂಚನೆ ಅವಿರೋಧವಾಗಿ ಅಂಗೀಕಾರವಾಯಿತು. ನನ್ನ ಸಾರ್ವಜನಿಕ ಜೀವನದಲ್ಲಿ ಅಷ್ಟು ಬೇಗ ಗೆದ್ದ ಸೂಚನೆ ಇನ್ನೊಂದಿಲ್ಲ. ಹುರುಪಿನಲ್ಲಿ ಒಂದು ಚೀಲವನ್ನು ನಾನೇ ಹೊತ್ತು ತಂದೆ.

ಪುಟ್ಟೇಗೌಡರು ಕುಡುಗೋಲು ಹಿಡಿದು ನೋಡುತ್ತಿದ್ದವರು ಹತ್ತಿರ ಬಂದರು. "ಮೇಷ್ಟ್ರೇ, ಬರೀ ಪಾತ್ರೆ ಒಲೆ ಮ್ಯಾಲಿಟ್ರೆ ನಮ್ಮನೇಲಿ ಉಗೀತಾರೆ. ಇದು ಆಗ್ಬೋದಾ?"

ಹೊಟ್ಟು ಪರಿಸರಸ್ನೇಹಿ ಎಂದು ನಾನು ಅವರಿಗೆ ತಿಳಿಹೇಳಿದೆ.

ಸಿಲ್ವರ್ ಓಕ್ ಸೌದೆ ಒಟ್ಟಿ, ಅದರ ಮೇಲೆ ಹೊಟ್ಟು ಸುರಿದು ಹಚ್ಚಿದೆವು. ಚಿಮಣಿಯಿಂದ ಹೊಗೆ ದಟ್ಟವಾಗಿ ಎದ್ದಿತು, ಗಣ್ಯರು ಚಪ್ಪಾಳೆ ತಟ್ಟಿದರು, ಭಾಷಣಗಳು ನಡೆದವು. ಹೊಗೆ ಇಳಿದಾಗಲೆಲ್ಲ ನಾವು ಮತ್ತಷ್ಟು ಸೌದೆ ತುಂಬಿದೆವು. ಸ್ವಲ್ಪ ಹೊತ್ತಿನಲ್ಲಿ ಒಳಗಿನಿಂದ ಟಣ್, ಟಣ್ ಎಂದು ಸದ್ದು ಬರತೊಡಗಿತು. "ಇಂಜಿನ್ನಿಗೆ ಜೀವ ಬರುತ್ತಿದೆ" ಎಂದು ಪಕ್ಕದಲ್ಲಿದ್ದ ಅತಿಥಿಗೆ ನಾನೇ ಹೇಳಿದೆ.

ಆ ಸದ್ದನ್ನು ಗೇಟಿನಲ್ಲೇ ಕೇಳಿ ಸಾಹೇಬರು ಓಡಿ ಬಂದರು. ತಲೆಯ ಮೇಲೆ ಟೋಪಿ ಹಾಗೇ ಇತ್ತು. ಯಾರೋ ಗಾಬರಿಯಲ್ಲಿ ಬಕೆಟ್ಟು ನೀರು ಎತ್ತಿದರು. "ನೀರ್ ಹಾಕ್ಬೇಡ್ರೋ! ಒಲೆ ತಗಡು ಕಾದೈತೆ, ಸೀಳೋಯ್ತದೆ!" ಎಂದು ಕೂಗಿ ಬಕೆಟ್ಟನ್ನು ತಳ್ಳಿದರು. ಸಲಿಕೆ ಹಿಡಿದು ಕೆಂಡವನ್ನೆಲ್ಲ ತಾವೇ ಎಳೆದು ಹೊರಹಾಕಿ, ಗಾಳಿ ಹೋಗುವ ಬಾಯಿಗಳನ್ನು ಮುಚ್ಚಿ, ಅಲ್ಲೇ ಹಳಿಯ ಮೇಲೆ ಕೂತರು. ಅಧ್ಯಕ್ಷರು ಗಣ್ಯರನ್ನು ಊಟಕ್ಕೆ ಕರೆದುಕೊಂಡು ಹೋದರು.

ವಾರದ ನಂತರ ನೀರು ತುಂಬಿದಾಗ ಎರಡು ವರ್ಷದ ಕೆಲಸವೆಲ್ಲ ಕಣ್ಣೆದುರೇ ಸೋರಿತು. ನೀರಿಲ್ಲದೆ ಕಾದು ಹಿಗ್ಗಿದ ಯಾವ ಕೊಳವೆಯ ತುದಿಯೂ ಬಿಗಿಯಾಗಿ ಉಳಿದಿರಲಿಲ್ಲ.

ತನಿಖೆಗೆ ಉಪಸಮಿತಿಯಾಯಿತು. ಬೆಂಕಿ ಹಚ್ಚಿದವರಲ್ಲಿ ಮೂವರು ಅದರ ಸದಸ್ಯರು! ಅವರ ವರದಿಯಲ್ಲಿ ಒಂದು ಸಾಲಿದೆ: ಕೊಳವೆ ಕೂರಿಸುವ ಕೆಲಸದಲ್ಲಿ ಲೋಪ ಕಂಡುಬಂದಿದೆ. ಬೆಂಕಿಯ ಮಾತೇ ಅದರಲ್ಲಿಲ್ಲ. ಸಾಹೇಬರಿಂದ ಗೇಟಿನ ಬೀಗದ ಕೈ ವಾಪಸು ಪಡೆದರು. ವರದಿ ಒಪ್ಪಿದ ಸಭೆಯಲ್ಲಿ ನಾನು ಆಕ್ಷೇಪವೆತ್ತಿದೆ. 'ಆಕ್ಷೇಪವನ್ನು ಗಮನಿಸಲಾಯಿತು' ಎಂದು ಬರೆದುಕೊಂಡು ಮುಂದಿನ ವಿಷಯಕ್ಕೆ ಹೋದರು. ಅಂದಿನಿಂದ ನಾನು ಪತ್ರ ಬರೆಯುತ್ತಿದ್ದೇನೆ, ಏಳು ಕರಡುಗಳಾಗಿವೆ.

ನಿನ್ನೆ ಬಸ್ಸಿಳಿದವನು ಏಳನೆಯ ಕರಡನ್ನು ಹಿಡಿದು ನೇರ ಸಾಹೇಬರ ಮನೆಗೆ ಹೋದೆ. ಅವರು ಆ ಇಂಜಿನ್ನಿನ ಒಲೆಯ ನೆತ್ತಿಯಿಂದ ಬಿಚ್ಚಿಟ್ಟುಕೊಂಡಿದ್ದ ಒಂದು ಹಿತ್ತಾಳೆ ತಿರುಪನ್ನು ಒಳಗಿನಿಂದ ತಂದು ನನ್ನ ಕೈಗಿಟ್ಟರು. ಅದರ ನಡುವೆ ಸೀಸ ತುಂಬಿರುತ್ತದಂತೆ. ಒಲೆಯ ನೆತ್ತಿಯ ಮೇಲೆ ನೀರಿರುವವರೆಗೆ ಅದು ಕರಗುವುದಿಲ್ಲ. ನನ್ನ ಕೈಯಲ್ಲಿದ್ದದ್ದರ ನಡುವೆ ಬರಿಯ ತೂತು.

"ನೀರಿರ್ಲಿಲ್ಲ ಅಂತ ಇದೇ ಹೇಳ್ತೈತೆ" ಎಂದರು. "ಕೊಳವೆ ಹೋದ್ರೆ ಹೋಯ್ತು, ಮತ್ತೆ ಕೂರುಸ್ಬೋದು. ನಾನ್ ಕೂರ್ಸಿದ್ದೇ ಸಡ್ಲ ಅಂತ ಬರ್ದ್‌ಬುಟ್ರಲ್ಲ ಮೇಷ್ಟ್ರೇ, ಅದನ್ನ ಎಂಗೆ ಬಿಗಿ ಮಾಡ್ಲಿ?"

ನಾನು ಕರಡನ್ನು ಓದಿದೆ. ಅಧ್ಯಕ್ಷರ ಐದು ತಪ್ಪು, ಉಪಸಮಿತಿಯ ಮೂರು, ಸಭೆಯ ಎರಡು. ಅವರು ಕೊನೆಯವರೆಗೆ ಕೇಳಿಸಿಕೊಂಡು, "ಭಾಷೆ ಬಾಳ ಚೆನ್ನಾಗೈತೆ. ಇದ್ರಲ್ಲಿ ನೀವೆಲ್ಲಿದೀರಿ?" ಎಂದರು.

ಏಳು ಕರಡುಗಳಲ್ಲೂ ನಾನಿರಲಿಲ್ಲ. ಮನೆಗೆ ಬಂದು ಎಂಟನೆಯದನ್ನು ಬರೆದೆ. ಅದು ಚಿಕ್ಕದು, ಇಲ್ಲಿಯೇ ಕೊಡುತ್ತೇನೆ.

ಅಧ್ಯಕ್ಷರೇ, ಕಾರ್ಯಕಾರಿ ಸಮಿತಿಯವರೇ, ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಆ ಸಾಲನ್ನು ವರದಿಯಿಂದ ತೆಗೆಯಿರಿ. ಅದರ ಜಾಗದಲ್ಲಿ, ನೀರಿಲ್ಲದ ಬಾಯ್ಲರಿಗೆ ಬೆಂಕಿ ಹಚ್ಚಿ ಅದನ್ನು ಹಾಳುಮಾಡಿದವರು ಎಂದು ನಮ್ಮ ಐವರ ಹೆಸರುಗಳನ್ನು ಬರೆಯಿರಿ. ಹೊಟ್ಟು ಸೂಚಿಸಿ ಹೊತ್ತು ತಂದವನು ನಾನಾದ್ದರಿಂದ ನನ್ನ ಹೆಸರು ಮೊದಲು ಬರಲಿ. ತಿದ್ದಿದ ವರದಿಯನ್ನೂ ಬೀಗದ ಕೈಯನ್ನೂ ಕರೀಂ ಸಾಹೇಬರ ಮನೆಗೆ ನೀವೇ ನಡೆದು ಹೋಗಿ ಕೊಡಿ. ಅಂಚೆಗೆ ಹಾಕಬೇಡಿ.