ಉಂಡು ಬಂದು ಮಲಗುವ ಹಳ್ಳ

ಪಲಾಗಿಯಾಳಿಗೆ ತಲೆ ಸ್ವಲ್ಪ ಸರಿಯಿಲ್ಲ ಎಂದು ಇದನ್ನು ಬರೆಯುತ್ತಿರುವವನು ಎರಡು ಬೇಸಿಗೆ ನಂಬಿದ್ದ. ಅಲಾಸ್ಕಾದ ಆ ಸರೋವರದ ದಂಡೆಯಲ್ಲಿ ಆಗಸ್ಟ್ ತಿಂಗಳೆಂದರೆ ಯಾರಿಗೂ ಬೆನ್ನು ನೆಟ್ಟಗೆ ಮಾಡಲು ಪುರಸೊತ್ತಿರುವುದಿಲ್ಲ. ಮೀನು ಸೀಳಬೇಕು, ಹೊಗೆಮನೆಯಲ್ಲಿ ತೂಗುಹಾಕಬೇಕು, ಮಳೆ ಹಿಡಿಯುವ ಮುಂಚೆ ಗುಡ್ಡದ ಹಣ್ಣು ಬಿಡಿಸಿ ತರಬೇಕು. ಅಂಥ ಹೊತ್ತಿನಲ್ಲಿ ಅರವತ್ತಾರು ವರ್ಷದ ಹೆಂಗಸೊಬ್ಬಳು ಮನೆಯ ಹಿಂದಿನ ಹಳ್ಳದ ಪಕ್ಕ ಬಕೆಟ್ ಬೋರಲು ಹಾಕಿ ಕೂತು, ಮಧ್ಯಾಹ್ನವೆಲ್ಲ ನೀರು ನೋಡುತ್ತ ಆಗಾಗ ನಗುತ್ತಿದ್ದರೆ ಬೇರೆ ಏನೆಂದು ತಿಳಿಯಬೇಕು? ಅವಳು ನೋಡುತ್ತಿದ್ದದ್ದು ಬೆರಳುದ್ದದ ಸಾಲ್ಮನ್ ಮರಿಗಳನ್ನು, ನಗುತ್ತಿದ್ದದ್ದು ಅವುಗಳ ಹೊಟ್ಟೆ ಕಂಡು ಎಂಬುದು ಆಮೇಲೆ ಗೊತ್ತಾಯಿತು.

ಪಲಾಗಿಯಾ ಶಾಲೆಯಲ್ಲಿ ಕಲಿತದ್ದು ಐದು ವರ್ಷ, ಅದೇ ಶಾಲೆಯ ಅಡುಗೆಮನೆಯಲ್ಲಿ ದುಡಿದದ್ದು ಮೂವತ್ತೊಂದು ವರ್ಷ. ಮೊದಲ ಗಂಡ ನವೆಂಬರಿನ ತೆಳು ಮಂಜುಗಡ್ಡೆಯ ಮೇಲೆ ಹೋಗಿ ಮುಳುಗಿದ. ಎರಡನೆಯವನು ಹಲ್ಲು ಕೀಳಿಸಿಕೊಳ್ಳಲು ಪಟ್ಟಣಕ್ಕೆ ಹೋದವನು ಅಲ್ಲೇ ಇನ್ನೊಬ್ಬಳ ಮನೆಯಲ್ಲಿ ನೆಲೆಸಿದ. ಮೊದಲನೆಯವನಿಗೆ ಅವಳು ಈಗಲೂ ಚರ್ಚಿನಲ್ಲಿ ಮೇಣದಬತ್ತಿ ಹಚ್ಚುತ್ತಾಳೆ. ಎರಡನೆಯವನ ಹಲ್ಲಿನ ಬಗ್ಗೆ ಯಾರಾದರೂ ಕೇಳಿದರೆ, ಇನ್ನೂ ನೋಯುತ್ತಿರಲಿ ಎನ್ನುತ್ತಾಳೆ.

ಮಕ್ಕಳಿಗೆ ಬಡಿಸಿ ಬಡಿಸಿ ಅವಳಿಗೊಂದು ವಿಷಯ ಚೆನ್ನಾಗಿ ತಿಳಿದಿತ್ತು. ಊಟದ ಕೋಣೆ ಚಳಿ ಹೊಡೆಯುವ ಜಾಗ. ಮಕ್ಕಳು ಅಲ್ಲಿ ಗಬಗಬ ತಿಂದು, ನೇರ ಹೋಗಿ ಬಾಯ್ಲರ್ ಕೋಣೆಯ ಬೆಚ್ಚನೆಯ ಗೋಡೆಗೆ ಒರಗಿ ಕೂರುತ್ತಿದ್ದವು. ಸಾಲ್ಮನ್ ಮರಿಗಳೂ ಹಾಗೆಯೇ. ಕೆಂಪು ಸಾಲ್ಮನ್‌ನ ಮರಿಗಳು ಹುಟ್ಟಿದ್ದೇ ಸರೋವರಕ್ಕೆ ಇಳಿದುಬಿಡುತ್ತವೆ; ಒಂದೆರಡು ವರ್ಷ ಆ ದೊಡ್ಡ ನೀರಿನಲ್ಲೇ ಹಿಂಡು ಕಟ್ಟಿಕೊಂಡು ಬೆಳೆಯುತ್ತವೆ. ಬೆಳ್ಳಿ ಸಾಲ್ಮನ್‌ನ ಮರಿಗಳು ಮಾತ್ರ ಹೊಳೆ, ಹಳ್ಳ ಬಿಟ್ಟು ಕದಲುವುದಿಲ್ಲ. ಆಗಸ್ಟಿನಲ್ಲಿ ಕೆಂಪು ಸಾಲ್ಮನ್ ಹೊಳೆಗೆ ಬಂದು ಮೊಟ್ಟೆಯಿಟ್ಟಾಗ, ಆ ಮೊಟ್ಟೆ ತಿನ್ನುವ ಈ ಬೆಳ್ಳಿ ಮರಿಗಳಿಗೆ ಹಬ್ಬ. ಆದರೆ ಹೊಳೆಯ ನೀರು ಬೆಟ್ಟದ ಹಿಮ ಕರಗಿದ್ದು. ಆ ಚಳಿಯಲ್ಲಿ ತಿಂದದ್ದು ಹೊಟ್ಟೆಯಲ್ಲಿ ಕಲ್ಲಿನ ಹಾಗೆ ಕೂರುತ್ತದೆ. ಅದಕ್ಕೇ ಅವು ತಿಂದ ಮೇಲೆ ಹೊಳೆ ಬಿಟ್ಟು, ಬಿಸಿಲಿಗೆ ಕಾದ ಈ ಹಳ್ಳಕ್ಕೆ ಏರಿ ಬಂದು ಬಿದ್ದುಕೊಳ್ಳುತ್ತವೆ. ತಿಂದದ್ದು ಕರಗಿತೋ, ಮತ್ತೆ ಹೊಳೆಗೆ. ಇದನ್ನು ಪಲಾಗಿಯಾ ಯಾವ ಪುಸ್ತಕದಲ್ಲೂ ಓದಿರಲಿಲ್ಲ, ಯಾರಿಗೂ ಹೇಳಿರಲೂ ಇಲ್ಲ. ಊಟ ಮಾಡಿದವರು ಮಲಗುತ್ತಾರೆ ಎನ್ನುವುದು ಹೇಳಿಕೊಂಡು ತಿರುಗುವ ಸಂಗತಿ ಎಂದು ಅವಳಿಗೆ ಅನ್ನಿಸಿರಲಿಲ್ಲ.

ಹೇಳಬೇಕಾಗಿ ಬಂದದ್ದು ಗವ್ರೀಲನಿಂದ. ಗವ್ರೀಲ ಅವಳ ಸೋದರಮಾವನ ಮಗ, ಊರಿನ ಪಂಚಾಯತಿಯ ಹೊಸ ಅಧ್ಯಕ್ಷ. ಅಧ್ಯಕ್ಷನಾದ ದಿನದಿಂದ ಅವನು ಪ್ರತಿ ಮಾತಿಗೂ ಮುಂಚೆ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಆವಿಸ್ನಾನದ ಮನೆಯಲ್ಲಿ ಮೈಮೇಲೆ ನೂಲೆಳೆಯಿಲ್ಲದೆ ಕೂತಾಗಲೂ. ವಿಮಾನ ಇಳಿಯುವ ಪಟ್ಟಿಯನ್ನು ಉದ್ದ ಮಾಡಿ, ದೊಡ್ಡ ವಿಮಾನ ಇಳಿಸಿ, ಊರನ್ನು ನಕ್ಷೆಯ ಮೇಲೆ ಎದ್ದುಕಾಣುವಂತೆ ಮಾಡಬೇಕೆಂಬುದು ಅವನ ಆಸೆ. ಅದಕ್ಕೆ ಪಲಾಗಿಯಾಳ ಮನೆಯ ಹಿಂದಿನ ಹಳ್ಳವನ್ನು ಜಲ್ಲಿ ಸುರಿದು ಮುಚ್ಚಬೇಕು.

ಶಾಲೆಯ ಆಟದ ಹಾಲ್‌ನಲ್ಲಿ ಊರ ಸಭೆ ಸೇರಿತು. ಆ ಊರಿನವರಲ್ಲಿ ಹಿರಿಯರ ಮುಂದೆ ಇನ್ನೊಬ್ಬರ ಮಾತನ್ನು ಮುಖಕ್ಕೆ ಹೊಡೆದಂತೆ ತಳ್ಳಿಹಾಕುವುದು ಮರ್ಯಾದೆಯಲ್ಲ. ಆದರೆ ಅತ್ತೆ ಮಗಳಿಗೂ ಮಾವನ ಮಗನಿಗೂ ಆ ಕಟ್ಟಿಲ್ಲ. ಅವರು ಒಬ್ಬರನ್ನೊಬ್ಬರು ಗೇಲಿ ಮಾಡಲೇಬೇಕು, ಮಾಡಿಸಿಕೊಂಡವರು ಸಿಟ್ಟಾದರೆ ಅವರೇ ಸಣ್ಣವರು. ಪಲಾಗಿಯಾ ಆ ದಾರಿಯನ್ನೇ ಹಿಡಿದಳು.

“ಅಧ್ಯಕ್ಷರೇ, ಹಳ್ಳ ಮುಚ್ಚಿ ದೊಡ್ಡ ವಿಮಾನ ಇಳಿಸಿ, ಬೇಡ ಅನ್ನಲ್ಲ. ಮೀನು ಖಾಲಿ ಆದ್ಮೇಲೆ ನಿಮ್ಮ ಹೊಟ್ಟೆಗೆ ಡಬ್ಬಿ ಮೀನು ತರೋಕೆ ಅಷ್ಟು ದೊಡ್ಡದೇ ಬೇಕು.”

ಹಾಲ್ ನಕ್ಕಿತು. ಎಲ್ಲರಿಗಿಂತ ಜೋರಾಗಿ ಗವ್ರೀಲನೇ ನಕ್ಕ, ಹೊಟ್ಟೆ ತಟ್ಟಿ ತೋರಿಸಿದ. ಗುಮಾಸ್ತೆ ನಗು ಮುಗಿಸಿ, ಯಾರದೂ ಆಕ್ಷೇಪಣೆ ಇಲ್ಲ ಎಂದು ಬರೆದುಕೊಂಡಳು. ಪಲಾಗಿಯಾ ಮನೆಗೆ ಬಂದು ಚಹಾ ಕಾಸಿಕೊಂಡು, ಕುಡಿಯದೆ ಕೂತಳು. ಐವತ್ತು ವರ್ಷ ಗೇಲಿ ಮಾಡಿದ ಬಾಯಿಯಲ್ಲಿ ನಿಜ ಹೊರಟರೂ ಊರಿಗೆ ಅದು ಗೇಲಿಯಾಗಿಯೇ ಕೇಳುತ್ತದೆ ಎಂದು ಅವಳಿಗೆ ಆವತ್ತು ಹೊಳೆಯಿತು.

ಇನ್ನು ಉಳಿದದ್ದು ಒಂದೇ ತಡೆ. ಸಾಲ್ಮನ್ ಮರಿ ಇರುವ ನೀರು ಎಂದು ಸರ್ಕಾರದ ಪಟ್ಟಿಗೆ ಸೇರಿದ ಹಳ್ಳವನ್ನು ಮನಸ್ಸಿಗೆ ಬಂದಂತೆ ಮುಚ್ಚುವ ಹಾಗಿಲ್ಲ. ಮರಿ ಇದೆಯೋ ಇಲ್ಲವೋ ನೋಡಲು ಜಲ್ಲಿ ಕಂಪನಿಯವರು ಕರ್ಟಿಸ್ ಎಂಬ ತಜ್ಞನನ್ನು ಪುಟ್ಟ ವಿಮಾನದಲ್ಲಿ ಕಳಿಸಿದರು. ಅವನ ಅಂಗಿಗೆ ಹನ್ನೊಂದು ಜೇಬು. ಮಧ್ಯಾಹ್ನ ಹಳ್ಳದಲ್ಲಿ ನಾಲ್ಕು ತಂತಿ ಬೋನು ಇಟ್ಟ, ಎರಡು ತಾಸು ಬಿಟ್ಟು ಎತ್ತಿದ. ನಾಲ್ಕೂ ಖಾಲಿ. ಮೀನಿಲ್ಲ ಎಂದು ಬರೆದು, ಸಹಿಗೆಂದು ಗವ್ರೀಲನ ಕೈಗೆ ಕಾಗದ ಕೊಟ್ಟ. ವಿಮಾನ ಹೊರಡಲು ಇನ್ನೊಂದು ಗಂಟೆಯಿತ್ತು.

ಪಲಾಗಿಯಾ ಕರ್ಟಿಸ್‌ಗೆ ಒಣಮೀನು, ಚಹಾ ಕೊಟ್ಟಳು. ಅತಿಥಿಯ ಬಾಯಿ ತುಂಬಿದ ಮೇಲೆ, ಬೋನಿನಲ್ಲಿ ಏನಿಟ್ಟಿದ್ದೆ ಎಂದು ಕೇಳಿದಳು. ಸಾಲ್ಮನ್ ಮೊಟ್ಟೆ, ಮರಿಗಳಿಗೆ ಅದಕ್ಕಿಂತ ಪ್ರೀತಿಯದು ಬೇರೆ ಇಲ್ಲ ಎಂದು ಕರ್ಟಿಸ್ ಪಾಠ ಹೇಳುವವನಂತೆ ಹೇಳಿದ.

“ಅದನ್ನೇ ಹೊಟ್ಟೆ ಬಿರಿಯೋ ಹಾಗೆ ತಿಂದು ಬಂದು ಬಿದ್ಕೊಂಡಿದಾವೆ ಕಣಪ್ಪ,” ಎಂದಳು ಪಲಾಗಿಯಾ. “ಉಂಡು ಮಲಗಿರೋರನ್ನ ಎಬ್ಬಿಸಿ, ಬಾ ಇನ್ನೊಂದು ಸೌಟು ಹಾಕ್ತೀನಿ ಅಂದ್ರೆ ಯಾರು ಬರ್ತಾರೆ?”

ಸಹಿ ಹಾಕಲು ಪೆನ್ನು ತೆಗೆದು ಪಕ್ಕದಲ್ಲೇ ಕೂತಿದ್ದ ಗವ್ರೀಲ ನಗಲು ಶುರುಮಾಡಿದ. “ಇವಳ ಮಾತು ತಲೆಗೆ ಹಚ್ಕೋಬೇಡಿ ಸಾರ್. ನಮ್ಮಿಬ್ಬರದು ಗೇಲಿ ಮಾಡೋ ಸಂಬಂಧ.”

“ಇವತ್ತು ನಾನು ನಿನ್ನ ಅತ್ತೆ ಮಗಳಲ್ಲ ಗವ್ರೀಲಾ,” ಎಂದಳು ಪಲಾಗಿಯಾ. “ಗೇಲಿ ಮಾಡ್ತಿಲ್ಲ.”

ಅವನ ನಗು ಅರ್ಧದಲ್ಲಿ ನಿಂತಿತು. ಅಂಥ ಮಾತನ್ನು ಆ ಊರಲ್ಲಿ ಯಾರೂ ಆಡುವುದಿಲ್ಲ. ಹೆತ್ತವರ ಸಂಬಂಧವನ್ನು ಕಳಚಿ ಕೆಳಗಿಟ್ಟ ಹಾಗೆ ಅದು. ಅವನು ಪೆನ್ನಿನ ಮುಚ್ಚಳ ಹಾಕಿದ. ಅಧ್ಯಕ್ಷನಾದ ಮೇಲೆ ಅವನು ಇನ್ನೊಬ್ಬರ ಮಾತು ಕೇಳಿಸಿಕೊಂಡದ್ದು ಅದೇ ಮೊದಲು ಎಂದು ಊರವರು ಆಮೇಲೆ ಲೆಕ್ಕ ಹಾಕಿದರು.

ಪಲಾಗಿಯಾ ಉದ್ದ ಬೂಟು ಹಾಕಿಕೊಂಡು ಹಳ್ಳಕ್ಕಿಳಿದಳು. ಕೈಯಲ್ಲಿದ್ದದ್ದು ಶಾಲೆಯ ಅಡುಗೆಮನೆಯಿಂದ ನಿವೃತ್ತಳಾದಾಗ ಸನ್ಮಾನಕ್ಕೆ ಕಾಯದೆ ತಾನೇ ಎತ್ತಿಕೊಂಡು ಬಂದಿದ್ದ, ಉದ್ದ ಹಿಡಿಯ ದೊಡ್ಡ ಜಾಲರಿ ಸೌಟು. ದಡದ ಹುಲ್ಲಿನ ಬೇರು ನೀರಿಗೆ ಇಳಿಬಿದ್ದಿದ್ದ ಕಡೆ, ಅದನ್ನು ಮೆಲ್ಲಗೆ ಅಡಿಯಿಂದ ತೂರಿಸಿ ಎತ್ತಿದಳು. ಮೂರು ಮರಿ ಬಂದವು. ಓಡಲೂ ಸೋಮಾರಿತನ; ಬೆರಳಿನಷ್ಟು ಮೈಗೆ ಬಟಾಣಿ ನುಂಗಿದಂಥ ಹೊಟ್ಟೆ, ತೆಳು ಚರ್ಮದೊಳಗಿಂದ ಮೊಟ್ಟೆಯ ಕೆಂಪು ಕಾಣುತ್ತಿತ್ತು. ಒಂದು ಮರಿ ಕರ್ಟಿಸ್‌ನ ಅಂಗೈಯಲ್ಲಿ ಒದ್ದಾಡಿ, ಇಡೀ ಮೊಟ್ಟೆಯೊಂದನ್ನು ಕಕ್ಕಿತು.

ಕರ್ಟಿಸ್ ಏಳನೆಯದೋ ಎಂಟನೆಯದೋ ಜೇಬಿನಿಂದ ಕ್ಯಾಮೆರಾ ತೆಗೆದ. ಫೋಟೋ ಹಿಡಿದ, ಉದ್ದ ಅಳೆದ, ಹಳ್ಳದ ನೀರಿನಲ್ಲೂ ಹೊಳೆಯ ನೀರಿನಲ್ಲೂ ಥರ್ಮಾಮೀಟರ್ ಅದ್ದಿ ನೋಡಿ, ಎರಡನೇ ಸಲ ಅದ್ದಿದ. ಗವ್ರೀಲನಿಂದ ಹಳೆಯ ಕಾಗದ ವಾಪಸು ಇಸಿದುಕೊಂಡು ಹೊಸದು ಬರೆದ. ಹಳ್ಳ ಪಟ್ಟಿಗೆ ಸೇರುತ್ತದೆ, ವಿಮಾನದ ಪಟ್ಟಿಯನ್ನು ಉದ್ದ ಮಾಡಲೇಬೇಕಿದ್ದರೆ ಇನ್ನೊಂದು ತುದಿಯಲ್ಲಿ ಮಾಡಬೇಕು ಎಂದ. ಆ ತುದಿಯಲ್ಲಿ ಗವ್ರೀಲ ಹೋದ ವರ್ಷವಷ್ಟೇ ಕಟ್ಟಿಸಿದ ಹೊಗೆಮನೆ ಇತ್ತು.

ಗವ್ರೀಲ ಬಹಳ ಹೊತ್ತು ನೀರು ನೋಡಿದ. ಈ ಮರಿಗಳು ಇಲ್ಲಿ ಎಷ್ಟು ದಿನ ಇರುತ್ತವೆ ಎಂದು ವಿಚಾರಿಸಿದ. ಒಂದೋ ಎರಡೋ ವರ್ಷ, ಬೆಳೆದ ಮೇಲೆ ಸಮುದ್ರಕ್ಕೆ ಹೋಗುತ್ತವೆ ಎಂದ ಕರ್ಟಿಸ್. ಅಧ್ಯಕ್ಷನ ಮುಖ ಅರಳಿತು.

“ಹಾಗಾದ್ರೆ ಇವೆಲ್ಲ ಸಮುದ್ರಕ್ಕೆ ಹೋದ್ಮೇಲೆ ಹಳ್ಳ ಮುಚ್ಚಬಹುದಲ್ಲ?”

“ಇವುಗಳ ಹಿಂದೆ ಹುಟ್ಟಿದವು ಎಲ್ಲಿರಬೇಕು,” ಎಂದಳು ಪಲಾಗಿಯಾ, “ನಿನ್ನ ಮನೇಲಾ?”