ದಿಲ್ಶಾದಳ ಏಣಿ ಭಾಷೆ

ಮಾನ್ವಿಯ ದಿಲ್ಶಾದ್ ರಾಯಚೂರಿನಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ, ಅಕ್ಕಿ ಗಿರಣಿಗಳ ಕಂಟ್ರೋಲ್ ಪ್ಯಾನೆಲ್‌ಗಳಿಗೆ ಪ್ರೋಗ್ರಾಂ ಬರೆಯುವ ಕೆಲಸ ಹಿಡಿದಳು. ಆ ಭಾಷೆಯ ಹೆಸರು ಲ್ಯಾಡರ್, ಅಂದರೆ ಏಣಿ. ಪರದೆಯ ಮೇಲೆ ಅದು ನಿಜಕ್ಕೂ ಏಣಿಯಂತೆ ಕಾಣುತ್ತದೆ. ಒಂದೊಂದು ಮೆಟ್ಟಿಲೂ ಯಂತ್ರಕ್ಕೆ ಕೊಟ್ಟ ಒಂದೊಂದು ಅಪ್ಪಣೆ. ಅಪ್ಪನ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ವೈರಿಂಗ್ ನಕ್ಷೆ ನೋಡುತ್ತ ಬೆಳೆದವಳಿಗೆ ಅದು ಸಲೀಸಾಗಿ ಒಲಿಯಿತು.

ಪೋತ್ನಾಳದಲ್ಲಿ ಗಿರಣಿ ನಡೆಸುವ ನಾಗವೇಣಿಯವರು ಭತ್ತ ಒಣಗಿಸುವ ಹೊಸ ಡ್ರೈಯರ್ ಹಾಕಿಸಿದಾಗ ಅದರ ಪ್ರೋಗ್ರಾಂ ದಿಲ್ಶಾದಳ ಪಾಲಿಗೆ ಬಂತು. ಗಿರಣಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದ ಅಂಬರೀಶ ಅಂದು ಅಲ್ಲೇ ಇದ್ದ. ಅವಳ ಲ್ಯಾಪ್‌ಟಾಪ್ ಇಣುಕಿ ನೋಡಿ ನಕ್ಕ.

“ಇದಕ್ಕ ಪ್ರೋಗ್ರಾಂ ಅಂತಾರೇನ್ರೀ? ಗೀಟು ಎಳದಂಗ ಅದ.”

ಎಲ್ಲವನ್ನೂ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಹೊಸದಾಗಿ ಬರೆದುಕೊಡುತ್ತೇನೆಂದು ನಾಗವೇಣಿಯವರಿಗೆ ಹೇಳಿದ. ದಿಲ್ಶಾದಳ ಮುಖ ಬಿಸಿಯಾಯಿತು. ಕಾಲೇಜಿನಲ್ಲಿ, ಸಂದರ್ಶನಗಳಲ್ಲಿ ಇಂಥ ಮಾತು ಕೇಳಿ ಸುಮ್ಮನೆ ಎದ್ದು ಬಂದವಳು ಇಂದು ಏಳಲಿಲ್ಲ.

“ಅಕ್ಕಾರ, ನಾಳಿ ಮಷೀನ್ ನಿಂತ್ರ ನೋಡಾಂವ ಹುಲಿಗೆಪ್ಪಣ್ಣ. ಅವಗ ತಿಳೀಬೇಕಲ್ಲ? ಅದಕ್ಕ ಇದ್ರಾಗ ಬರದೀನಿ.”

ನಾಗವೇಣಿಯವರು ಗಿರಣಿಯ ಎಲೆಕ್ಟ್ರಿಷಿಯನ್ ಹುಲಿಗೆಪ್ಪನನ್ನು ಕರೆಸಿದರು. ಕೋಡ್ ಎಂಬುದನ್ನೇ ಕಲಿಯದಿದ್ದರೂ ವೈರಿಂಗ್ ನಕ್ಷೆ ಓದಬಲ್ಲ ಅವನು ಮೇಲಿನ ಮೆಟ್ಟಿಲಿನಿಂದ ಬೆರಳಿಟ್ಟು ಓದುತ್ತ ಬಂದು, ನಡುವೆ ನಿಂತ.

“ತಂಗಿ, ಬಾಗಿಲ ತೆಗದಿದ್ರೂ ಇಲ್ಲಿ ಫ್ಯಾನ್ ಶುರು ಆಗ್ತದಲ್ಲ. ಒಳಗ ಕಸ ತೆಗಿಯಾಂವ ಇದ್ರ?”

ದಿಲ್ಶಾದ್ ನೋಡಿದಳು. ಅವನ ಮಾತು ನಿಜ. ತಪ್ಪು ಅವಳದೇ. ಅಂಬರೀಶ ಅವಳ ಮುಖ ಬಾಡುವುದನ್ನು ಕಾದ; ಅವಳಿಗೋ ಹುಲಿಗೆಪ್ಪ ತನ್ನ ಏಣಿಯನ್ನು ಓದಿಬಿಟ್ಟನೆಂಬ ಖುಷಿ ತಡೆಯಲಾಗಲಿಲ್ಲ. ಲ್ಯಾಪ್‌ಟಾಪನ್ನು ಹುಲಿಗೆಪ್ಪನ ಕಡೆ ತಿರುಗಿಸಿ, ನೀವೇ ಸರಿಮಾಡಿ ಎಂದಳು. ಅವಳು ಗುಂಡಿ ತೋರಿಸಿದಂತೆ ಅವನು ಆ ಮೆಟ್ಟಿಲಿಗೆ ಬಾಗಿಲಿನ ಸ್ವಿಚ್ ಸೇರಿಸಿದ. ಬಾಗಿಲು ತೆರೆದು ಪರೀಕ್ಷಿಸಿದರು. ಫ್ಯಾನ್ ಅಲ್ಲಾಡಲಿಲ್ಲ. ಬಾಗಿಲು ಹಾಕಿ ಗುಂಡಿ ಒತ್ತಿದೊಡನೆ ಗುಂಯ್ಯೆಂದು ತಿರುಗಿತು. ಹುಲಿಗೆಪ್ಪ ತನ್ನ ಕೈಯನ್ನೇ ನೋಡಿಕೊಂಡು ನಕ್ಕ.

ಅಂಬರೀಶ ಪರದೆಯತ್ತ ಬಾಗಿದ. “ನಾ ಪೈಥಾನ್‌ನ್ಯಾಗ ಬರದಿದ್ರ ಈ ತಪ್ಪು ಹುಲಿಗೆಪ್ಪಣ್ಣಗ ಕಾಣ್ತಿದ್ದಿಲ್ಲ ಬಿಡ್ರಿ,” ಎಂದು ಕುರ್ಚಿ ಎಳೆದುಕೊಂಡು ಕೂತ. ಮೊದಲ ಮೆಟ್ಟಿಲು ಏನು ಹೇಳುತ್ತದೆಂದು ಕೇಳಿದ. ನಾಗವೇಣಿಯವರು ಚಹಾ ತರಿಸಿದರು.

ಈಗ ರಾಯಚೂರಿನಲ್ಲಿ ದಿಲ್ಶಾದಳದೇ ಕಂಪನಿ ಇದೆ. ಮೊನ್ನೆ ದೇವದುರ್ಗದ ಗಿರಣಿಯೊಂದರಲ್ಲಿ ಅವಳು ಸ್ವಿಚ್ ಒತ್ತಿದಾಗ, ಸುತ್ತ ನಿಂತ ವೈರ್‌ಮ್ಯಾನ್‌ಗಳೆಲ್ಲ ಪರದೆಯ ಮೇಲೆ ಚಾಲೂ ಆಗಿ ಒಂದೊಂದಾಗಿ ಹಸಿರಾದ ಮೆಟ್ಟಿಲುಗಳನ್ನು ಗಟ್ಟಿಯಾಗಿ ಓದಿದರು.